ಮಂಡಿ ಖಾತೆಯಿಂದ ಸಿಬಿಲ್ ಅಂಕದವರೆಗೆ

ಶಿಕಾರಿಪುರ, ಸೊರಬದಲ್ಲಿ ಟ್ರ್ಯಾಕ್ಟರ್‌ಗೋ ಮನೆಗೋ ಬ್ಯಾಂಕ್ ಸಾಲ ಕೇಳಲು ಹೋದವರು ಪಹಣಿ ಕೊಟ್ಟರಷ್ಟೇ ಈಗ ಸಾಲದು. ‘ಸಿಬಿಲ್ ಎಷ್ಟಿದೆ?’ ಎಂಬ ಪ್ರಶ್ನೆಯೂ ಬರುತ್ತದೆ. ಸಾಲಗಾರನನ್ನು ಅಳೆದು ನೋಡುವ ಪದ್ಧತಿ ಹೊಸದಲ್ಲ. ಅಳೆಯುವವರು ಮಾತ್ರ ಬದಲಾಗುತ್ತ ಬಂದಿದ್ದಾರೆ.

ಹಿಂದೆ ಅಡಿಕೆ ಬೆಳೆಗಾರರ ಲೆಕ್ಕ ದಲ್ಲಾಳಿ ಮಂಡಿಯಲ್ಲಿತ್ತು. ಮಳೆಗಾಲದ ಖರ್ಚಿಗೆ, ಮದುವೆಗೆ ಮುಂಗಡ ತಂದವರು ಕೊಯ್ಲಾದ ಮೇಲೆ ಅದೇ ಮಂಡಿಗೆ ಅಡಿಕೆ ಹಾಕಿ ತೀರಿಸಬೇಕಿತ್ತು. ಸಾಹುಕಾರರಿಗೆ ತೋಟವೂ ಗೊತ್ತು, ಮನೆತನವೂ ಗೊತ್ತು. ಅದರಿಂದ ಸಾಲ ಸಲೀಸಾಗಿ ಸಿಗುತ್ತಿತ್ತು, ಆದರೆ ಬೆಳೆಗೆ ದರ ಹೇಳುವವರೂ ಸಾಲ ಕೊಟ್ಟವರೇ ಆಗಿರುತ್ತಿದ್ದರು. 1939ರಲ್ಲಿ ಮಲೆನಾಡಿನ ಬೆಳೆಗಾರರ ಮಾರಾಟ ಸಂಘವಾಗಿ ಮ್ಯಾಮ್‌ಕೋಸ್ ಹುಟ್ಟಿದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ಅದಕ್ಕೂ ಮೊದಲೇ, 1905ರಲ್ಲಿ, ಮೈಸೂರು ಸಂಸ್ಥಾನ ಸಹಕಾರ ಸಂಘಗಳ ಕಾಯ್ದೆ ತಂದಿತ್ತು. ಸಂಘದಲ್ಲಿ ಸಾಲಗಾರನ ಯೋಗ್ಯತೆ ನೋಡುತ್ತಿದ್ದವರು ಅಕ್ಕಪಕ್ಕದ ಸದಸ್ಯರು, ಜಾಮೀನು ಹಾಕುತ್ತಿದ್ದವರೂ ಅವರೇ. 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾದ ಮೇಲೆ ಬ್ಯಾಂಕುಗಳು ಹಳ್ಳಿ ಕಡೆ ಮುಖ ಮಾಡಿದವು. 1998ರಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡ್ ಬಂತು. ನಮ್ಮ ಕಡೆ ಅನೇಕ ರೈತರು ‘ಕ್ರೆಡಿಟ್ ಕಾರ್ಡ್’ ಎಂಬ ಮಾತನ್ನು ಕೇಳಿದ್ದೇ ಆ ಯೋಜನೆಯ ಮೂಲಕ.

ಸಿಬಿಲ್ ಸಂಸ್ಥೆ ಶುರುವಾದದ್ದು 2000ದಲ್ಲಿ. 2005ರಲ್ಲಿ ಇಂಥ ಕಂಪನಿಗಳಿಗೆಂದೇ ಕಾಯ್ದೆ ಬಂತು. ಈಗ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಕೂಡ ಇವೆ, ಆದರೂ ಜನರ ಬಾಯಲ್ಲಿ ಎಲ್ಲವೂ ‘ಸಿಬಿಲ್’. ಅಂಕ 300ರಿಂದ 900. ತೋಟ ಎಷ್ಟು ಎಕರೆ, ಮನೆತನ ಎಂಥದ್ದು ಎಂಬುದು ಈ ಅಂಕಕ್ಕೆ ಬೇಕಿಲ್ಲ. ಪಡೆದ ಸಾಲ ಎಷ್ಟು, ಹೊತ್ತಿಗೆ ಸರಿಯಾಗಿ ಕಟ್ಟಿದರೇ ಎಂಬುದಷ್ಟೇ ಬೇಕು.

ಯಾವ ಕಾರ್ಡ್ ಎಂಬ ಪ್ರಶ್ನೆ ಮುಖ್ಯವಾಗುವುದು ಇಲ್ಲಿ. ಕಿಸಾನ್ ಕಾರ್ಡಿನ ಬೆಳೆಸಾಲದ ಗಡುವು ಫಸಲಿನ ಲೆಕ್ಕದಲ್ಲಿದೆ. ಅಲ್ಪಾವಧಿ ಬೆಳೆಯಾದರೆ ಗಡುವು ಮೀರಿ ಎರಡು ಹಂಗಾಮು ಕಳೆದ ಮೇಲೆ ಅದು ಕೆಟ್ಟ ಸಾಲವಾಗುತ್ತದೆ. ಪೇಟೆಯ ಕ್ರೆಡಿಟ್ ಕಾರ್ಡಿಗೆ ಹಂಗಾಮು ಗೊತ್ತಿಲ್ಲ. ಅದರ ಬಿಲ್ಲು ತಿಂಗಳು ತಿಂಗಳು ಬರುತ್ತದೆ, ಬಾಕಿ 90 ದಿನ ದಾಟಿದರೆ ಕೆಟ್ಟ ಸಾಲ. ಮೆಕ್ಕೆಜೋಳವೋ ಅಡಿಕೆಯೋ ಮಾರಿದಾಗ ಮಾತ್ರ ದುಡ್ಡು ನೋಡುವ ಮನೆಗೆ ಇದು ದೊಡ್ಡ ವ್ಯತ್ಯಾಸ. ಬಡ್ಡಿಯೂ ಹಾಗೆಯೇ: 3 ಲಕ್ಷದೊಳಗಿನ ಬೆಳೆಸಾಲಕ್ಕೆ ಹೊತ್ತಿಗೆ ಕಟ್ಟಿದರೆ ಕೇಂದ್ರದ ಸಹಾಯಧನದಿಂದ ವರ್ಷಕ್ಕೆ ಶೇ 4, ಕ್ರೆಡಿಟ್ ಕಾರ್ಡ್ ಬಾಕಿಗೆ ಅನೇಕ ಕಡೆ ತಿಂಗಳಿಗೇ ಶೇ 3ಕ್ಕಿಂತ ಹೆಚ್ಚು.

ಕಾರ್ಡಿನ ಬಣ್ಣ ಚಿನ್ನವೋ ಪ್ಲಾಟಿನಮ್ಮೋ ಎಂಬುದರಿಂದ ಅಂಕ ಏರುವುದಿಲ್ಲ. ಮಿತಿ ಲೆಕ್ಕಕ್ಕೆ ಬರುತ್ತದೆ. 20,000 ರೂಪಾಯಿ ಮಿತಿಯ ಕಾರ್ಡಿನಲ್ಲಿ 18,000 ಖರ್ಚಾದರೆ ಶೇ 90 ಬಳಸಿದಂತೆ, ಒಂದು ಲಕ್ಷದ ಕಾರ್ಡಿನಲ್ಲಿ ಅದೇ ಖರ್ಚು ಶೇ 18. ಒಂದೇ ತಿಂಗಳಲ್ಲಿ ನಾಲ್ಕಾರು ಕಡೆ ಅರ್ಜಿ ಹಾಕಿದರೆ ಪ್ರತಿ ವಿಚಾರಣೆಯೂ ದಾಖಲಾಗಿ ಅಂಕ ಇಳಿಯಬಹುದು. ‘ಫ್ರೀ’ ಎಂದು ತೆಗೆದುಕೊಂಡ ಕಾರ್ಡಿಗೆ ಎರಡನೇ ವರ್ಷ ಶುಲ್ಕ ಬಿದ್ದು, ಗೊತ್ತಿಲ್ಲದೆ ಬಾಕಿ ಉಳಿದರೂ ಪೆಟ್ಟು ಬೀಳುತ್ತದೆ. ಸಾಲದ ಚರಿತ್ರೆಯೇ ಇಲ್ಲದವರಿಗೆ ಠೇವಣಿ ಆಧಾರದ ಕಾರ್ಡ್ ಒಂದು ದಾರಿ, ಪ್ರತಿ ತಿಂಗಳೂ ಪೂರ್ತಿ ಕಟ್ಟುವುದಾದರೆ ಮಾತ್ರ.

ಮಂಡಿಯ ಖಾತೆ ಪುಸ್ತಕವನ್ನು ಬೆಳೆಗಾರ ಬಿಡಿಸಿ ನೋಡುವುದು ಸುಲಭವಿರಲಿಲ್ಲ. ಈ ಹೊಸ ಖಾತೆಯನ್ನು ನೋಡಬಹುದು: 2017ರಿಂದ ಪ್ರತಿ ಕಂಪನಿಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ತಪ್ಪಿದ್ದರೆ ದೂರು ಕೊಡಿ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಸಾಲದ ಅರ್ಜಿ ಹಾಕುವ ಮೊದಲೇ ಆ ವರದಿ ತೆಗೆಸಿ ನೋಡುವುದು ಒಳ್ಳೆಯದು.