ಚೀಟಿಯ ತಾಕು, ರೈತನ ಹೊಲ: ತಳಿ ಪರೀಕ್ಷೆಯಿಂದ ಸಮೀಕ್ಷೆಯವರೆಗೆ ಕಾರ್ಯಕಾರಣ ವಿಚಾರದ ಚರಿತ್ರೆ

ಹೊಸ ತಳಿ ಬಿತ್ತಿದವರ ಇಳುವರಿ ಹಳೆಯ ತಳಿಯವರದಕ್ಕಿಂತ ಎಕರೆಗೆ ಎರಡು ಕ್ವಿಂಟಲ್ ಹೆಚ್ಚು ಎಂದು ಒಂದು ಸಮೀಕ್ಷೆ ಹೇಳಿತು ಎನ್ನೋಣ. ಆ ಎರಡು ಕ್ವಿಂಟಲ್ ತಳಿಯಿಂದಲೇ ಬಂದದ್ದೇ? ಹೊಸ ಬೀಜ ತಂದವನ ಹೊಲ ಕೆರೆಯ ಕೆಳಗಿರಬಹುದು, ಅವನ ತಿಪ್ಪೆ ದೊಡ್ಡದಿರಬಹುದು, ಅವನು ವಾರ ಮೊದಲೇ ಬಿತ್ತಿರಬಹುದು. ಸಂಶೋಧನಾ ಕೇಂದ್ರದ ತಾಕುಗಳಲ್ಲಿ ಈ ತೊಡಕಿಲ್ಲ. ಯಾವ ತಾಕಿಗೆ ಯಾವ ತಳಿ ಎಂಬುದನ್ನು ಅಲ್ಲಿ ಚೀಟಿ ಎತ್ತಿ ನಿರ್ಧರಿಸುತ್ತಾರೆ. ಆದರೆ ಆ ನೆಲ ರೈತರ ನೆಲವಲ್ಲ. ಒಂದು ಕಡೆ ಹಂಚಿಕೆ ಸರಿ, ಹೊಲ ಬೇರೆ. ಇನ್ನೊಂದು ಕಡೆ ಹೊಲ ಸರಿ, ಹಂಚಿಕೆ ನಮ್ಮ ಕೈಯಲ್ಲಿಲ್ಲ. ಈ ಎರಡೂ ಕೊರತೆಗಳನ್ನು ಗುರುತಿಸಿದವರು ಬಹುಮಟ್ಟಿಗೆ ಒಂದೇ ಪರಂಪರೆಯವರು, ಮತ್ತು ಆ ಪರಂಪರೆ ಹುಟ್ಟಿದ್ದು ಧಾನ್ಯದ ತಾಕುಗಳಲ್ಲಿ ಎಂಬುದು ಈ ಲೇಖನದ ವಾದ.

ಪೋಲೆಂಡಿನ ಬಿಡ್ಗೋಷ್ ಪಟ್ಟಣದ ಕೃಷಿ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ಯೆಝಿ ನೇಮನ್ 1923ರಲ್ಲಿ ಪೋಲಿಷ್ ಭಾಷೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಪ್ರತಿ ತಾಕಿಗೂ ಒಂದೇ ಇಳುವರಿಯಲ್ಲ, ಎಷ್ಟು ತಳಿಗಳಿವೆಯೋ ಅಷ್ಟು ಇಳುವರಿಗಳು ಇವೆ ಎಂದು ಅವರು ಭಾವಿಸಿದರು. ಈ ತಾಕಿಗೆ ಮೊದಲ ತಳಿ ಬಿದ್ದರೆ ಇಷ್ಟು, ಎರಡನೆಯದು ಬಿದ್ದರೆ ಅಷ್ಟು. ಇದನ್ನು ಅವರು ಗಡಿಗೆಗಳಾಗಿ ಕಲ್ಪಿಸಿಕೊಂಡರು: ಒಂದು ತಳಿಗೆ ಒಂದು ಗಡಿಗೆ. ಪ್ರತಿ ಗಡಿಗೆಯಲ್ಲೂ ತಾಕಿಗೊಂದರಂತೆ ಇಳುವರಿ ಬರೆದ ಚೆಂಡು. ಒಂದು ಗಡಿಗೆಯಿಂದ ಏಳನೆಯ ತಾಕಿನ ಚೆಂಡು ತೆಗೆದರೆ ಉಳಿದ ಗಡಿಗೆಗಳಲ್ಲಿರುವ ಏಳನೆಯ ಚೆಂಡುಗಳು ಮಾಯವಾಗುತ್ತವೆ, ಏಕೆಂದರೆ ಒಂದು ತಾಕಿಗೆ ಒಂದೇ ತಳಿ ಬಿತ್ತಲು ಸಾಧ್ಯ. ಕಾಣದೆ ಹೋದ ಆ ಚೆಂಡುಗಳೇ ಕಾರ್ಯಕಾರಣದ ಇಡೀ ಸಮಸ್ಯೆ. ಪ್ರಬಂಧದ ಈ ಭಾಗ ಇಂಗ್ಲಿಷಿಗೆ ಬಂದದ್ದು 1990ರಲ್ಲಿ.

ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿದ್ದ ಆರ್. ಎ. ಫಿಶರ್ ಅದೇ ದಶಕದಲ್ಲಿ ಯಾದೃಚ್ಛಿಕ ಹಂಚಿಕೆಯನ್ನು ಪ್ರಯೋಗದ ಮೂಲ ನಿಯಮವಾಗಿಸಿದರು. ಡಬ್ಲಿನ್ನಿನ ಗಿನ್ನೆಸ್ ಮದ್ಯ ತಯಾರಿಕಾ ಸಂಸ್ಥೆಯಲ್ಲಿದ್ದು ‘ಸ್ಟೂಡೆಂಟ್’ ಎಂಬ ಹೆಸರಲ್ಲಿ ಬರೆಯುತ್ತಿದ್ದ ವಿಲಿಯಂ ಗಾಸೆಟ್ ಇದನ್ನು ಪೂರ್ತಿ ಒಪ್ಪಲಿಲ್ಲ. ಅವರಿಗೆ ಮೆಚ್ಚಿಗೆಯಾಗಿದ್ದುದು ಬಾರ್ಲಿ ತಳಿಗಾರ ಇ. ಎಸ್. ಬೀವನ್ ರೂಢಿಸಿದ ಅರೆಕೂರಿಗೆ ಪಟ್ಟೆ. ಕೂರಿಗೆಯ ಬೀಜದ ಪೆಟ್ಟಿಗೆಯನ್ನು ನಡುವೆ ಭಾಗ ಮಾಡಿ, ಒಂದು ಅರ್ಧಕ್ಕೆ ಒಂದು ತಳಿ, ಇನ್ನರ್ಧಕ್ಕೆ ಇನ್ನೊಂದು ತುಂಬುವುದು. ಹೊಲದ ಈ ತುದಿಯಿಂದ ಆ ತುದಿಗೆ ಹೋಗಿ ಕೂರಿಗೆ ತಿರುಗಿಸಿಕೊಂಡು ಬಂದರೆ ಎರಡು ತಳಿಗಳ ಸಾಲುಪಟ್ಟೆಗಳು ಅಕ್ಕಪಕ್ಕ ಬೀಳುತ್ತವೆ. ಮಣ್ಣಿನ ಏರಿಳಿತ ಎರಡಕ್ಕೂ ಹೆಚ್ಚುಕಡಿಮೆ ಸಮವಾಗಿ ಹಂಚಿಹೋಗುತ್ತದೆ. ಚೀಟಿಗಿಂತ ಈ ಸಮತೋಲವೇ ಮೇಲೆಂದು ಗಾಸೆಟ್ ವಾದಿಸಿದರು. 1937ರಲ್ಲಿ ಅವರು ತೀರಿಕೊಳ್ಳುವವರೆಗೂ ಈ ಜಗಳ ಮುಗಿಯಲಿಲ್ಲ. ಒಕ್ಕಲುತನ ಬಲ್ಲವರಿಗೆ ಗಾಸೆಟ್ ಕಡೆಗೆ ಒಲವು ಸಹಜ. ಆದರೆ ದೋಷದ ಅಂದಾಜು ನಂಬಲರ್ಹವಾಗಿರಬೇಕೆಂಬ ಫಿಶರರ ಪಟ್ಟು ಸುಲಭಕ್ಕೆ ಸಡಿಲಿಸುವಂಥದ್ದಲ್ಲ.

ಹಂಚಿಕೆಗೆ ಮನುಷ್ಯರು ಕೈಹಾಕಿದರೆ ಏನಾಗುತ್ತದೆ ಎಂಬುದನ್ನು ಎತ್ತಿ ತೋರಿಸಿದವರೂ ಗಾಸೆಟ್ಟೇ. 1930ರಲ್ಲಿ ಸ್ಕಾಟ್ಲೆಂಡಿನ ಲಾನಾರ್ಕ್‌ಷೈರ್‌ನಲ್ಲಿ ಸುಮಾರು 20,000 ಶಾಲಾಮಕ್ಕಳ ಪೈಕಿ ಅರ್ಧದಷ್ಟು ಮಂದಿಗೆ ದಿನವೂ ಹಾಲು ಕೊಟ್ಟು ಬೆಳವಣಿಗೆ ಅಳೆದರು. ಹಾಲಿನ ಗುಂಪಿಗೆ ಒಂದೇ ಬಗೆಯ ಮಕ್ಕಳು ಹೆಚ್ಚಾಗಿ ಬಿದ್ದರೆ ಬದಲಿಸಬಹುದೆಂದು ಶಿಕ್ಷಕರಿಗೆ ಅನುಮತಿ ಇತ್ತು. ಬಡಮಕ್ಕಳ ಮುಖ ನೋಡಿ ಶಿಕ್ಷಕರು ಅವರನ್ನು ಹಾಲಿನ ಕಡೆಗೆ ಸರಿಸಿರಬೇಕು ಎಂದು ಗಾಸೆಟ್ 1931ರಲ್ಲಿ ಬರೆದರು, ಏಕೆಂದರೆ ಶುರುವಿನಲ್ಲೇ ಹಾಲು ಸಿಗದ ಗುಂಪಿನವರು ಎತ್ತರದಲ್ಲೂ ತೂಕದಲ್ಲೂ ಮುಂದಿದ್ದರು. ಅದರ ಮೇಲೆ ಮಕ್ಕಳನ್ನು ತೂಗಿದ್ದು ಬಟ್ಟೆ ಸಮೇತ, ಮೊದಲು ಫೆಬ್ರವರಿಯ ಚಳಿಯಲ್ಲಿ, ಆಮೇಲೆ ಜೂನ್‌ನಲ್ಲಿ. ಉಳ್ಳವರ ಮಕ್ಕಳು ಕಳಚಿದ ಉಣ್ಣೆಬಟ್ಟೆಯ ಭಾರವೂ ಲೆಕ್ಕದಲ್ಲಿ ಸೇರಿಕೊಂಡಿತು. ಸಮೀಕ್ಷೆಯ ದತ್ತಾಂಶ ಓದುವವರೆಲ್ಲ ಗಾಸೆಟ್ಟರ ಆ ಲೇಖನವನ್ನು ಒಮ್ಮೆಯಾದರೂ ಓದಬೇಕು.

ಅವರೇ ದಾಖಲಿಸಿದ ಇನ್ನೊಂದು ಪ್ರಸಂಗ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಐರ್ಲೆಂಡಿನ ಬಹುಪಾಲು ಕಡೆ ಗೆದ್ದಿದ್ದ ಸ್ಪ್ರಾಟ್-ಆರ್ಚರ್ ಬಾರ್ಲಿಯನ್ನು ಒಂದು ಸೀಮೆಯ ರೈತರು ಬೇಡವೆಂದರು. ನಮ್ಮ ನಾಟಿ ತಳಿಯೇ ಮೇಲು ಎಂದರು. ಅವರಿಗೆ ಮನವರಿಕೆ ಮಾಡಲೆಂದು ಕೃಷಿ ಇಲಾಖೆ ಅಲ್ಲೇ ಪರೀಕ್ಷೆ ನಡೆಸಿದರೆ ನಾಟಿ ತಳಿಯೇ ಗೆದ್ದಿತು. ಆ ಸೀಮೆಯಲ್ಲಿ ಕಳೆ ವಿಪರೀತ. ನಾಟಿ ಬಾರ್ಲಿ ಬೇಗ ಮೇಲೆದ್ದು ಕಳೆಯನ್ನು ಅಡಗಿಸುತ್ತಿತ್ತು, ಸ್ಪ್ರಾಟ್-ಆರ್ಚರ್ ಕಳೆಗೆ ಸಿಕ್ಕಿ ನಲುಗುತ್ತಿತ್ತು. ಬೇರೆಡೆಯ ತಾಕುಗಳ ಲೆಕ್ಕ ತಪ್ಪಾಗಿರಲಿಲ್ಲ, ಆದರೆ ಅದು ಈ ಹೊಲಗಳ ಲೆಕ್ಕವಾಗಿರಲಿಲ್ಲ.

ಪ್ರಾದೇಶಿಕ ಪರೀಕ್ಷೆಗಳು ಹುಟ್ಟಿದ್ದೇ ಇದಕ್ಕಾಗಿ. ಅಮೆರಿಕದ ಮಿನೆಸೋಟದಲ್ಲಿ ಇಮ್ಮರ್, ಹೇಯ್ಸ್ ಮತ್ತು ಪವರ್ಸ್ ಹತ್ತು ಬಾರ್ಲಿ ತಳಿಗಳನ್ನು ಆರು ಸ್ಥಳಗಳಲ್ಲಿ 1931 ಮತ್ತು 1932ರಲ್ಲಿ ಬೆಳೆಸಿ 1934ರಲ್ಲಿ ಪ್ರಕಟಿಸಿದ ಅಂಕಿಗಳನ್ನು ಫಿಶರ್ ತಮ್ಮ ಪುಸ್ತಕಕ್ಕೆ ತೆಗೆದುಕೊಂಡರು. ಮುಂದೆ 1993ರಲ್ಲಿ ವಿಲಿಯಂ ಕ್ಲೀವ್‌ಲೆಂಡ್ ಆ ಅಂಕಿಗಳನ್ನು ಚಿತ್ರವಾಗಿ ಬಿಡಿಸಿದಾಗ ಮಾರಿಸ್ ಎಂಬ ಸ್ಥಳ ಮಾತ್ರ ಎದುರು ದಿಕ್ಕಿಗೆ ನಿಂತಿತ್ತು. ಉಳಿದೆಡೆ 1932ರಲ್ಲಿ ಇಳುವರಿ ಇಳಿದಿದ್ದರೆ ಅಲ್ಲಿ ಏರಿತ್ತು. ವರ್ಷಗಳು ಅದಲುಬದಲಾಗಿವೆ ಎಂದು ಅವರು ತೀರ್ಮಾನಿಸಿದರು, ಅದು ಪಠ್ಯಗಳಲ್ಲೂ ಸೇರಿತು. ಕೆವಿನ್ ರೈಟ್ 2013ರಲ್ಲಿ ಇನ್ನಷ್ಟು ವರ್ಷಗಳ ದಾಖಲೆಯನ್ನೂ ಹವಾಮಾನವನ್ನೂ ಹುಡುಕಿ ನೋಡಿದಾಗ ಮಾರಿಸ್ಸಿನ ಅಂಕಿಗಳು ಸರಿಯೇ ಇದ್ದಿರಬಹುದು ಎಂದು ಕಂಡಿತು. ಒಂದು ಊರು ಒಂದು ವರ್ಷ ಬೇರೆಯದೇ ದಾರಿ ಹಿಡಿಯುವುದು ಕೃಷಿಯಲ್ಲಿ ಅಸಹಜವೇನಲ್ಲ.

ಇದೇ ಅಂಕಿಗಳನ್ನು ಫ್ರಾಂಕ್ ಯೇಟ್ಸ್ ಮತ್ತು ವಿಲಿಯಂ ಕಾಕ್ರನ್ 1938ರಲ್ಲಿ ಬೇರೆ ರೀತಿ ಓದಿದ್ದರು. ಪ್ರತಿ ತಳಿಯ ಇಳುವರಿಯನ್ನು ಆಯಾ ಸ್ಥಳದ ಸರಾಸರಿಯ ಎದುರು ಇಟ್ಟರೆ, ಟ್ರೆಬಿ ತಳಿಯ ಮೇಲುಗೈ ಒಳ್ಳೆಯ ಇಳುವರಿಯ ಸ್ಥಳಗಳಲ್ಲಿ ಹಿಗ್ಗುತ್ತಿತ್ತು. ಇದೇ ವಿಧಾನ 1963ರಲ್ಲಿ ಅಡಿಲೇಡಿನ ಫಿನ್ಲೆ ಮತ್ತು ವಿಲ್ಕಿನ್ಸನ್ ಅವರಿಂದ ಹೆಸರಾಯಿತು. ಪರೀಕ್ಷೆಯ ಸ್ಥಳಗಳನ್ನು ಯಾರೂ ರೈತರ ಹೊಲಗಳಿಂದ ಚೀಟಿ ಎತ್ತಿ ಆರಿಸಿರುವುದಿಲ್ಲ ಎಂಬ ಎಚ್ಚರಿಕೆಯೂ ಯೇಟ್ಸ್–ಕಾಕ್ರನ್ ಲೇಖನದಲ್ಲಿದೆ.

ಈ ಕಾಕ್ರನ್ ನನ್ನ ವಾದದ ಕೊಂಡಿ. 1939ರಲ್ಲಿ ಅಯೋವಕ್ಕೆ ಹೋದ ಅವರು ಮಾದರಿ ಸಮೀಕ್ಷೆಗೆ ಪಠ್ಯ ಬರೆದರು. ಧೂಮಪಾನ ಕುರಿತ 1964ರ ಅಮೆರಿಕದ ಸರ್ಕಾರಿ ವರದಿಯ ಸಮಿತಿಯಲ್ಲಿದ್ದ ಏಕೈಕ ಸಂಖ್ಯಾಶಾಸ್ತ್ರಜ್ಞರೂ ಅವರೇ. ಯಾರಿಗೂ ಚೀಟಿ ಎತ್ತಿ ಸಿಗರೇಟು ಹಂಚಲಾಗದು. ಪೈಪ್ ಮತ್ತು ಚುಟ್ಟಾ ಸೇದುವವರ ಸಾವಿನ ಪ್ರಮಾಣ ಮೇಲ್ನೋಟಕ್ಕೆ ಹೆಚ್ಚು ಕಂಡರೂ, ಅವರು ವಯಸ್ಸಾದವರು ಎಂಬುದೇ ಅದಕ್ಕೆ ಕಾರಣವೆಂದು ಕಾಕ್ರನ್ 1968ರಲ್ಲಿ ತೋರಿಸಿದರು. ವಯಸ್ಸಿನಂಥ ಒಂದು ಅಂಶವನ್ನು ಐದೇ ವರ್ಗ ಮಾಡಿ ಹೋಲಿಸಿದರೂ ಅದರಿಂದಾಗುವ ಓರೆಯಲ್ಲಿ ಶೇ. 90ರಷ್ಟು ಹೋಗುತ್ತದೆ ಎಂಬುದು ಅವರ ಲೆಕ್ಕ. ಅವರ ಶಿಷ್ಯ ಡೊನಾಲ್ಡ್ ರೂಬಿನ್ 1974ರಲ್ಲಿ, ನೇಮನ್ ತಾಕಿಗೆ ಬರೆದ ಲೆಕ್ಕಕ್ಕೆ ಹೋಲುವ ಲೆಕ್ಕವನ್ನು ಪ್ರಯೋಗವಿಲ್ಲದ ದತ್ತಾಂಶಕ್ಕೂ ಹಿಗ್ಗಿಸಿದರು.

ಭಾರತದಲ್ಲಿ ರೈತರ ಹೊಲವೇ ಮೊದಲಿನಿಂದ ಅಂಕಿಯ ನೆಲೆ. ಜಾನ್ ಹಬಾಕ್ 1920ರ ದಶಕದಲ್ಲಿ ಬಿಹಾರ–ಒರಿಸ್ಸಾದ ಭತ್ತದ ಗದ್ದೆಗಳಲ್ಲಿ ಯಾದೃಚ್ಛಿಕ ಜಾಗ ಆರಿಸಿ ಕೊಯ್ಯಿಸಿದರು. ಆಮೇಲೆ ಮಹಲನೋಬಿಸ್, ಪಾನ್ಸೆ ಮತ್ತು ಸುಖಾತ್ಮೆ ಅದನ್ನು ಬೆಳೆಸಿದರು. ಇಂದಿನ ಬೆಳೆ ಕಟಾವು ಪ್ರಯೋಗ ಆ ವಂಶದ್ದು. ಆದರೆ ಅಲ್ಲಿ ಚೀಟಿ ಎತ್ತುವುದು ಯಾವ ಹೊಲ ಕೊಯ್ಯಬೇಕೆಂಬುದಕ್ಕೆ, ಯಾವ ತಳಿ ಬಿತ್ತಬೇಕೆಂಬುದಕ್ಕಲ್ಲ. ಜಿಲ್ಲೆಯ ಸರಾಸರಿ ಇಳುವರಿಗೆ ಅದು ಸಾಕು, ತಳಿಯ ಗುಣ ಹೇಳಲು ಸಾಲದು.

ನಮ್ಮ ರಾಗಿಯನ್ನೇ ತೆಗೆದುಕೊಳ್ಳೋಣ. ಭಾರತದ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಸಂಕರಿಸಿ ಲಕ್ಷ್ಮಣಯ್ಯನವರು ರೂಪಿಸಿದ ಇಂಡಾಫ್ ತಳಿಗಳಾಗಲಿ, ಬೆಂಕಿ ರೋಗ ತಡೆಯುವ ಜಿಪಿಯು–28 ಆಗಲಿ, ಹೊಲದಲ್ಲಿ ಎಷ್ಟು ಕೊಟ್ಟವೆಂದು ಸಮೀಕ್ಷೆಯಿಂದ ಕೇಳಿದರೆ ಮೊದಲು ಬಿತ್ತನೆ ದಿನಾಂಕ ಕೇಳಬೇಕು. ಮುಂಗಾರು ಹೊತ್ತಿಗೆ ಸರಿಯಾಗಿ ಬಂದರೆ ರೈತ ದೀರ್ಘಾವಧಿ ತಳಿ ಬಿತ್ತುತ್ತಾನೆ, ತಡವಾದರೆ ಅಲ್ಪಾವಧಿಯದಕ್ಕೆ ಇಳಿಯುತ್ತಾನೆ. ಎರಡರ ಸರಾಸರಿಯನ್ನು ಹಾಗೇ ಹೋಲಿಸಿದರೆ ಅಳೆದದ್ದು ಅರ್ಧ ತಳಿ, ಅರ್ಧ ಮಳೆ. ಒಂದೇ ಹೋಬಳಿಯಲ್ಲಿ ಒಂದೇ ವಾರ ಬಿತ್ತಿದವರನ್ನು ಗುಂಪು ಮಾಡಿ ಕಾಕ್ರನ್ ರೀತಿ ಹೋಲಿಸಿದರೆ ಆ ಓರೆ ಬಹಳ ತಗ್ಗೀತು. ಆಗಲೂ ಗೊಬ್ಬರ, ಆಳು, ರೈತನ ಅನುಭವ ಉಳಿಯುತ್ತವೆ. ರೈತ ಸಂಪರ್ಕ ಕೇಂದ್ರಕ್ಕೆ ಆ ವಾರ ಯಾವ ಬೀಜ ಬಂದಿತ್ತೆಂಬುದು ರೈತನ ಆಯ್ಕೆಯಲ್ಲ. ಬೇಕೆಂದದ್ದು ಸಿಗದೆ ಇದ್ದದ್ದನ್ನೇ ತಂದವರೂ ಇರುತ್ತಾರೆ. ಅಂಥ ಕಡೆ ಬೀಜದ ದಾಸ್ತಾನು ಚೀಟಿಯ ಕೆಲಸ ಮಾಡಿರಬಹುದು. ಮಾಡಿದೆಯೇ ಎಂದು ತಿಳಿಯಲು ದಾಸ್ತಾನು ಪುಸ್ತಕವನ್ನು ಬೆಳೆ ಕಟಾವಿನ ನಮೂನೆಯ ಪಕ್ಕದಲ್ಲಿಟ್ಟು, ಹೋಬಳಿ ಹೋಬಳಿಯಾಗಿ ಓದಬೇಕಾಗುತ್ತದೆ.