ಹಾರ, ತುರಾಯಿ ಮತ್ತು ವ್ಯವಹಾರ

ಕನ್ನಡದಲ್ಲಿ ‘ಹಾರ ತುರಾಯಿ’ ಎಂಬ ಜೋಡಿಪದವೊಂದಿದೆ. ಪುಣೆಯ ಮರಾಠಿಗರು ಅದನ್ನೇ ‘ಹಾರತುರೆ’ ಎನ್ನುತ್ತಾರೆ. ಹಾರ ಸಂಸ್ಕೃತದ್ದು, ತುರಾಯಿ ಫಾರಸಿಯ ‘ತುರ್ರಾ’ದಿಂದ ಬಂದದ್ದು, ಮುಂಡಾಸಿಗೆ ಸಿಕ್ಕಿಸುವ ಕುಚ್ಚು ಎಂದರ್ಥ. ಹಿಂಜವಡಿಯ ಸಾಫ್ಟ್‌ವೇರ್ ಕಚೇರಿಗಳಲ್ಲಿ, ಚಾಕಣದ ಕಾರ್ಖಾನೆಗಳಲ್ಲಿ ಅತಿಥಿಯ ಕೈಗೆ ನೀಡುವ ಹೂಗುಚ್ಛ ಇವೆರಡರ ಉತ್ತರಾಧಿಕಾರಿ. ಕೊರಳು, ತಲೆ ಎರಡನ್ನೂ ಬಿಟ್ಟು ಕೈಗೆ ಇಳಿದ ಈ ಹೂವಿನ ಚರಿತ್ರೆ ನಾವು ಎಣಿಸಿದ್ದಕ್ಕಿಂತ ಹಳೆಯದು, ಮತ್ತು ಅಷ್ಟೊಂದು ಮುಗ್ಧವೂ ಅಲ್ಲ.

1443ರಲ್ಲಿ ವಿಜಯನಗರಕ್ಕೆ ಬಂದ ಹೆರಾತಿನ ರಾಜದೂತ ಅಬ್ದುರ್ ರಜಾಕ್, ಈ ಊರಿನಲ್ಲಿ ಎಲ್ಲೆಲ್ಲೂ ಗುಲಾಬಿ ಮಾರುತ್ತಾರೆ, ಇಲ್ಲಿಯ ಜನರಿಗೆ ಅದು ಅನ್ನದಷ್ಟೇ ಅಗತ್ಯ ಎಂದು ಬೆರಗಿನಿಂದ ಬರೆದಿಟ್ಟಿದ್ದಾನೆ. ಆದರೆ ಇಮ್ಮಡಿ ದೇವರಾಯ ಅವನಿಗೆ ಕೊಟ್ಟದ್ದು ಗುಲಾಬಿಯನ್ನಲ್ಲ. ವೀಳ್ಯ, ಕರ್ಪೂರ, ಜೊತೆಗೆ 500 ಹಣಗಳ ಚೀಲ. ಹೂವು ಪೇಟೆಯ ಸಾಮಾನ್ಯರಿಗೆ, ಚೀಲ ರಾಜಕಾರಣಕ್ಕೆ. ಉಡುಗೊರೆಯಲ್ಲಿ ಹಣವಿದ್ದರೆ ಅದಕ್ಕೆ ಪ್ರತಿಯಾಗಿ ಏನಾದರೂ ಸಲ್ಲಬೇಕೆಂಬುದು ಎರಡೂ ಕಡೆಯವರಿಗೆ ತಿಳಿದಿರುತ್ತದೆ.

ಪೇಶ್ವೆಯರ ಪುಣೆಯಲ್ಲಿ ಈ ಭೇದ ಇನ್ನೂ ಸ್ಪಷ್ಟವಾಯಿತು. ದರ್ಬಾರಿಗೆ ಬಂದವನು ನಜರು ಒಪ್ಪಿಸಬೇಕು, ಅವನ ಅಂತಸ್ತಿಗೆ ತಕ್ಕ ಪೋಷಾಕು ಅವನಿಗೆ ಮರಳಿ ಸಲ್ಲಬೇಕು. ಕೊನೆಗೆ ಅತ್ತರು, ಗುಲಾಬಿ ನೀರು, ವೀಳ್ಯ ಬಂದವೆಂದರೆ ಭೇಟಿ ಮುಗಿಯಿತು, ಇನ್ನು ಏಳಬಹುದು ಎಂದು ಅರ್ಥ. ಹೊರಡಿ ಎಂದು ಬಾಯಿಬಿಟ್ಟು ಹೇಳದೆ ಕಳಿಸಿಕೊಡುವ ಸೌಜನ್ಯ ಇದು! 1786ರಿಂದ ಇಲ್ಲಿ ರೆಸಿಡೆಂಟನಾಗಿದ್ದ ಚಾರ್ಲ್ಸ್ ಮ್ಯಾಲೆಟ್ ಈ ವಿಧಿಗಳನ್ನೆಲ್ಲ ಅರಿತಿದ್ದವನು. ಮುಳಾ ಮುಠಾ ನದಿಗಳ ಸಂಗಮದಲ್ಲಿದ್ದ ತನ್ನ ನಿವಾಸದಿಂದ ಶನಿವಾರವಾಡೆಯವರೆಗೆ ಓಡಾಡಿ, 1790ರ ಜೂನ್ 1ರಂದು ಪೇಶ್ವೆಯೊಡನೆ ಒಪ್ಪಂದವನ್ನು ಕುದುರಿಸಿದ. ಆ ದರ್ಬಾರಿನ ದೃಶ್ಯವನ್ನು ಥಾಮಸ್ ಡೇನಿಯಲ್ 1805ರಲ್ಲಿ ವರ್ಣಚಿತ್ರವಾಗಿಸಿದ್ದಾನೆ. ಕನ್ನಡಿಗರಾದ ನಾವು ಆ ಚಿತ್ರವನ್ನು ತುಸು ಬೇರೆ ಕಣ್ಣಿನಿಂದ ನೋಡಬೇಕಾಗುತ್ತದೆ, ಏಕೆಂದರೆ ಒಪ್ಪಂದ ಟಿಪ್ಪುವಿನ ವಿರುದ್ಧವಾಗಿತ್ತು. ಅತ್ತರು ಸಿಂಪಡಿಸಿಕೊಂಡವರು ಸೇರಿ ಹಂಚಿಕೊಳ್ಳಲು ಹೊರಟದ್ದು, ಲಾಲ್‌ಬಾಗನ್ನು ಬೆಳೆಸಿದ ಮನೆತನದ ರಾಜ್ಯವನ್ನು.

ಕಂಪನಿಗೆ ಈ ಕಾಣಿಕೆಗಳೇ ತಲೆನೋವಾದವು. ಬಂಗಾಳದಲ್ಲಿ ನೌಕರರು ನಜರಿನಿಂದಲೇ ಕುಬೇರರಾದದ್ದನ್ನು ಕಂಡು, 1765ರಲ್ಲಿ ಉಡುಗೊರೆ ವಿರೋಧಿ ಕರಾರುಗಳಿಗೆ ಅವರಿಂದ ಸಹಿ ಹಾಕಿಸಿದ ಕ್ಲೈವ್. ಅವನೇ ಎಷ್ಟು ಪಡೆದಿದ್ದನೆಂಬುದು ಜಗತ್ತಿಗೇ ಗೊತ್ತು. 1773ರ ರೆಗ್ಯುಲೇಟಿಂಗ್ ಶಾಸನ ನಿಷೇಧವನ್ನು ಕಾನೂನಾಗಿಸಿತು. ಬಂದ ಬೆಲೆಬಾಳುವ ವಸ್ತು ತೋಷಖಾನೆಗೆ ಜಮೆಯಾಗತೊಡಗಿತು. ಹೂವನ್ನು ಯಾವ ತೋಷಖಾನೆಯಲ್ಲಿಡುವುದು? ಮರುದಿನಕ್ಕೆ ಬಾಡುವುದಕ್ಕೆ ಲೆಕ್ಕದ ಪುಸ್ತಕದಲ್ಲಿ ಜಾಗವಿಲ್ಲ. ವ್ಯವಹಾರದಲ್ಲಿ ಹೂವಿನ ಬೆಲೆ ಹುಟ್ಟುವುದೇ ಇಲ್ಲಿ ಎಂದು ನಮಗನ್ನಿಸುತ್ತದೆ. ಗೌರವ ಸಲ್ಲುತ್ತದೆ, ಋಣ ಉಳಿಯುವುದಿಲ್ಲ.

ಕೇಂದ್ರ ಸರಕಾರದ ನೌಕರರಾದ ನಮ್ಮನ್ನು ಆಳುವ 1964ರ ನಡತೆ ನಿಯಮಗಳು ಅದೇ ವಂಶಾವಳಿಯವು. ಅವುಗಳ 13ನೆಯ ನಿಯಮ ಉಡುಗೊರೆಯನ್ನು ಕುರಿತದ್ದು. ಸಾಂದರ್ಭಿಕ ಊಟ, ವಾಹನದಲ್ಲಿ ಒಂದಿಷ್ಟು ದೂರದ ಸವಾರಿ ಉಡುಗೊರೆಯಲ್ಲ ಎನ್ನುವ ಆ ನಿಯಮ, ಕಚೇರಿಯೊಡನೆ ವ್ಯವಹಾರವಿರುವ ಸಂಸ್ಥೆಗಳ ಅದ್ದೂರಿ ಆತಿಥ್ಯದಿಂದ ದೂರವಿರಬೇಕೆಂದು ಎಚ್ಚರಿಸುತ್ತದೆ. ಹೂವಿನ ಮಾತೇ ಅಲ್ಲಿಲ್ಲ. ದೀಪಾವಳಿಯ ವೇಳೆಗೆ ಬರುವ ಒಣಹಣ್ಣಿನ ಪೆಟ್ಟಿಗೆಯನ್ನು ಹಿಂದಿರುಗಿಸಲು ಹರಸಾಹಸ ಪಡುವವರೂ ಒಂದು ಗುಲಾಬಿಯನ್ನು ನಿಸ್ಸಂಕೋಚವಾಗಿ ತೆಗೆದುಕೊಳ್ಳುತ್ತಾರೆ.

ಪುಣೆಯ ವ್ಯಾಪಾರಿಗಳಿಗೆ ಇದಕ್ಕಿಂತಲೂ ಅಗ್ಗದ ಕೊಡುಗೆಯೊಂದು ಗೊತ್ತು. ದಸರೆಯಂದು ಆಪಟೆಯ ಎಲೆಯನ್ನು ‘ಸೋನೆ’ ಎಂದು ಕರೆದು, ವರ್ಷವಿಡೀ ಬಾಕಿಗಾಗಿ ಜಗಳವಾಡಿದವರೂ ಪರಸ್ಪರ ಕೈಗಿಡುತ್ತಾರೆ. ನಮ್ಮ ಉತ್ತರ ಕರ್ನಾಟಕದಲ್ಲಿ ಅದೇ ದಿನ ಬನ್ನಿ ಬಂಗಾರವಾಗುತ್ತದೆ. ಮರ ಬೇರೆ, ಮನಸ್ಸು ಒಂದೇ. ಭೋಸರಿ, ಪಿಂಪ್ರಿಯ ಯಂತ್ರಗಳಿಗೆ ಚೆಂಡುಹೂವಿನ ಮಾಲೆ ಬೀಳುವುದೂ ಈ ಹಬ್ಬದಲ್ಲೇ.

ಸೆಲೋಫೇನ್ ಸುತ್ತಿದ ಹೂಗುಚ್ಛ ಮಾತ್ರ ಉದಾರೀಕರಣದ ಕೂಸು. 1990ರ ದಶಕದ ನಂತರ ಬೆಂಗಳೂರು, ಹೊಸೂರಿನ ಸುತ್ತ ಎದ್ದಂತೆಯೇ ಮಾವಳ ತಾಲೂಕಿನಲ್ಲೂ ಪಾಲಿಹೌಸುಗಳು ಎದ್ದವು. ತಳೇಗಾಂವದಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಪುಷ್ಪೋದ್ಯಾನವನ್ನೇ ಸ್ಥಾಪಿಸಿತು. ಕಾಂಡದ ಉದ್ದಕ್ಕೆ ತಕ್ಕಂತೆ ವಿಂಗಡಿಸಿ, ಇಪ್ಪತ್ತು ಗುಲಾಬಿಗೆ ಒಂದು ಕಟ್ಟು ಕಟ್ಟಿ, ಶೀತಲಗೃಹದಲ್ಲಿಟ್ಟು ಫೆಬ್ರವರಿ ಮಾಸದಲ್ಲಿ ಹೊರದೇಶಗಳಿಗೆ ಕಳಿಸುವುದು ಇಲ್ಲಿಯ ಕ್ರಮ. ಇತರ ತಿಂಗಳುಗಳಲ್ಲಿ ಆ ಗುಲಾಬಿ, ಜರ್ಬೆರಾಗಳಿಗೆ ಮದುವೆ ಮಂಟಪಗಳೂ ಸಭೆ ಸಮಾರಂಭಗಳೂ ಆಸರೆ.

ಆದ್ದರಿಂದಲೇ ಸುತ್ತೋಲೆಗಳು ಬಂದಾಗ ಪೆಟ್ಟು ತಗಲುವುದು ಕೊಟ್ಟವನಿಗಲ್ಲ, ಬೆಳೆದವನಿಗೆ. 2017ರಲ್ಲಿ ಕೇಂದ್ರ ಗೃಹ ಸಚಿವಾಲಯ, ಪ್ರಧಾನಿಗೆ ಹೂಗುಚ್ಛ ಬೇಡ, ಬೇಕಿದ್ದರೆ ಒಂದು ಹೂವಿನೊಡನೆ ಖಾದಿ ಕರವಸ್ತ್ರ ಅಥವಾ ಪುಸ್ತಕ ಕೊಡಿ ಎಂದು ರಾಜ್ಯಗಳಿಗೆ ತಿಳಿಸಿತು. 2021ರ ಆಗಸ್ಟ್‌ನಲ್ಲಿ ಕರ್ನಾಟಕ ಸರಕಾರ ತನ್ನ ಸಮಾರಂಭಗಳಲ್ಲಿ ಹಾರ, ಹೂಗುಚ್ಛ, ಶಾಲುಗಳನ್ನು ನಿಲ್ಲಿಸಿ ಕನ್ನಡ ಪುಸ್ತಕಗಳನ್ನು ಕೊಡಬಹುದೆಂದಿತು. ಹೊರನಾಡಿನಲ್ಲಿ ಕನ್ನಡ ಪುಸ್ತಕಕ್ಕೆ ಹಂಬಲಿಸುವ ನಾವು ಹಿಗ್ಗಬೇಕಾದ ಆದೇಶವೇ. ಆದರೂ ಪೂರ್ತಿ ಹಿಗ್ಗಲಾಗಲಿಲ್ಲ. ಹಿಂದಿನ ವರ್ಷದ ಲಾಕ್‌ಡೌನಿನಲ್ಲಿ ಕೊಯ್ಯುವ ಕೂಲಿಯೂ ಗಿಟ್ಟದೆ ಅರಳಿದ ಹೂವನ್ನು ರೈತರು ತಿಪ್ಪೆಗೆ ಸುರಿದಿದ್ದರು. ಚೇತರಿಸಿಕೊಳ್ಳುವ ಹೊತ್ತಿಗೆ ಬಂದ ಈ ಆದೇಶವನ್ನು ಬೆಳೆಗಾರರು ವಿರೋಧಿಸಿದ್ದು ಸಹಜವಾಗಿತ್ತು. ದುಂದುವೆಚ್ಚದ ಬೃಹತ್ ಹಾರ ನಿಲ್ಲಲಿ, ಪ್ಲಾಸ್ಟಿಕ್ಕಿನ ಹೊದಿಕೆಯೂ ನಿಲ್ಲಲಿ. ಬಿಡಿಹೂವಿನ ಮೇಲೇಕೆ ಮುನಿಸು?

ಪುಣೆಯ ಗುಲ್ಟೇಕಡಿ ಮಾರುಕಟ್ಟೆಯಲ್ಲಿ ಸೇವಂತಿಗೆ, ಸುಗಂಧರಾಜಗಳ ಬಿಡಿಹೂವನ್ನು ಇಂದಿಗೂ ಕಿಲೋ ಲೆಕ್ಕದಲ್ಲಿ ತೂಗುತ್ತಾರೆ. ಹಾರ ಕಟ್ಟುವವರು ನಸುಕಿನಲ್ಲೇ ಬಂದು ಒಯ್ಯುತ್ತಾರೆ. ಯಾವ ಹೂವು ದೇವರಿಗೆ, ಯಾವುದು ಸಾಹೇಬರಿಗೆ ಎಂಬುದು ಆ ಹೊತ್ತಿಗೆ ಇನ್ನೂ ತೀರ್ಮಾನವಾಗಿರುವುದಿಲ್ಲ.