ಉತಾರ ನೋಡಿದವರು ಯಾರು?

ವಿಜಯಪುರದ ಸೊಲ್ಲಾಪುರ ರಸ್ತೆಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ನಾವು ನಿಂತಿದ್ದೆವು. ಒಬ್ಬರು ಬಂದು ಊರು, ಸರ್ವೆ ನಂಬರ್ ಹೇಳಿ ಒಂದು ಉತಾರ ತೆಗೆಸಿಕೊಂಡರು. ಎರಡು ನಿಮಿಷದ ಕೆಲಸ. ಮಾತಿಗೆ ಮಾತು ಬಂದಾಗ ತಿಳಿಯಿತು, ಹೊಲ ಅವರದಲ್ಲ, ಬಾಜು ಹೊಲದವರದು. ತಪ್ಪೇನೂ ಇಲ್ಲ, ಯಾರ ಉತಾರವನ್ನು ಯಾರು ಬೇಕಾದರೂ ತೆಗೆಸಬಹುದು. ಆದರೆ ಆ ಬಾಜು ಹೊಲದವರಿಗೆ ಈ ಸುದ್ದಿ ಎಂದಾದರೂ ಗೊತ್ತಾಗುತ್ತದೆಯೇ? ತಿಕೋಟಾ, ಬಬಲೇಶ್ವರದ ಕಡೆಯ ನಮ್ಮ ಗೆಳೆಯರ ಜೊತೆ ಇದನ್ನೇ ಮಾತಾಡುತ್ತ ಹಳೆಯ ಕಾಲಕ್ಕೆ ಹೋದೆವು.

ಮೈಸೂರು ಕಡೆಯವರು ಪಹಣಿ ಅನ್ನುವುದನ್ನು ನಾವು ಉತಾರ ಅನ್ನುತ್ತೇವೆ. ಅದು ನಮಗೆ ಮುಂಬೈ ಪ್ರಾಂತ್ಯದಿಂದ ಬಂದ ಮಾತು. 1956ರ ವರೆಗೆ ನಮ್ಮ ಜಿಲ್ಲೆ ಮುಂಬೈಗೆ ಸೇರಿತ್ತಲ್ಲ, ಕಾನೂನೂ ಅಲ್ಲಿಯದೇ. ಹೊಲ ಯಾರದು, ಅದರ ಮೇಲೆ ಯಾರ ಹಕ್ಕಿದೆ ಎಂದು ಹೆಸರು ಹಿಡಿದು ಬರೆದಿಡಬೇಕು ಎಂಬ ಹಕ್ಕುದಾಖಲೆಯ ಕಾಯ್ದೆ ಮುಂಬೈ ಸರ್ಕಾರ ಮಾಡಿದ್ದು 1903ರಲ್ಲಿ. ಬರೆಯುವವರು ಕುಲಕರ್ಣಿ. ಕಾಗದಗಳು ಬಟ್ಟೆಯ ರುಮಾಲಿನಲ್ಲಿ ಕಟ್ಟಿಟ್ಟ ದಫ್ತರದಲ್ಲಿ ಇರುತ್ತಿದ್ದವು, ಎಷ್ಟೋ ಕಾಗದ ಮೋಡಿ ಲಿಪಿಯಲ್ಲಿ. ಓದಲು ಬರುವವರೇ ಊರಲ್ಲಿ ನಾಲ್ಕು ಮಂದಿ. ಕುಲಕರ್ಣಿ ವತನ ರದ್ದಾಗುವ ಕಾಯ್ದೆ 1950ರಲ್ಲಿ ಬಂತು, ಆಮೇಲೆ ತಲಾಠಿಯ ಕಾಲ.

ಆ ಕಾಲದಲ್ಲಿ ಗುಟ್ಟು ಬಹಳ ಇತ್ತು, ಅದು ರೈತನ ಗುಟ್ಟಲ್ಲ, ದಫ್ತರ ಹಿಡಿದವರ ಗುಟ್ಟು. ತನ್ನದೇ ಹೊಲದ ಉತಾರಕ್ಕೆ ರೈತ ಚಾವಡಿಗೆ ಎಷ್ಟೋ ಸಲ ಅಲೆಯಬೇಕು, ಕೈ ಬಿಸಿ ಮಾಡಬೇಕು. ಹೆಸರು ಬದಲಾಗಿದ್ದು ಗೊತ್ತಾಗುವಷ್ಟರಲ್ಲಿ ವರ್ಷಗಳೇ ಕಳೆದಿರುತ್ತಿದ್ದವು. ಒಂದು ಮಾತು ಮಾತ್ರ ನಿಜ. ಬೇರೆಯವರ ಉತಾರ ಕೇಳಲು ಯಾರಾದರೂ ಚಾವಡಿ ಹತ್ತಿದರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ನೋಡಿದವರನ್ನೂ ಊರು ನೋಡುತ್ತಿತ್ತು.

ಇದೆಲ್ಲ ಬದಲಾಗಿದ್ದು 'ಭೂಮಿ' ಯೋಜನೆಯಿಂದ. ಕಂದಾಯ ಇಲಾಖೆಯದು ಯೋಜನೆ, ಎನ್‌ಐಸಿಯದು ಸಾಫ್ಟ್‌ವೇರ್. ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ ಸುಮಾರು 2 ಕೋಟಿ ಉತಾರಗಳು, 67 ಲಕ್ಷ ರೈತರ ಹೆಸರುಗಳು ತಾಲ್ಲೂಕು ಕಚೇರಿಯ ಕಂಪ್ಯೂಟರ್‌ಗೆ ಹೋದವು. 2002ರ ಹೊತ್ತಿಗೆ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟರೆ ಉತಾರ ಕೈಗೆ. ಕೈಬರಹದ ಉತಾರಕ್ಕೆ ಬೆಲೆ ಇಲ್ಲ ಎಂದು ಸರ್ಕಾರ ಹೇಳಿತು. ಇದನ್ನು ಸಣ್ಣ ಮಾತು ಅನ್ನುವವರು ಆ ಹಿಂದಿನ ಅಲೆದಾಟ ಕಂಡಿಲ್ಲ.

'ಭೂಮಿ'ಯಲ್ಲಿ ನಮಗೆ ಹಿಡಿಸಿದ್ದು ಬೆರಳಚ್ಚಿನ ವ್ಯವಸ್ಥೆ. ದಾಖಲೆ ತಿದ್ದುವ ನೌಕರ, ಒಪ್ಪಿಗೆ ಕೊಡುವ ಅಧಿಕಾರಿ ಬೆರಳು ಒತ್ತಿಯೇ ಒಳಗೆ ಹೋಗಬೇಕು. ಯಾರು, ಯಾವಾಗ, ಏನು ಮಾಡಿದರು ಎಂಬುದು ಅಲ್ಲೇ ಉಳಿಯುತ್ತದೆ, ನಾಳೆ 'ನಾನಲ್ಲ' ಅನ್ನುವಂತಿಲ್ಲ. ಅಂದರೆ ತಿದ್ದಿದವರ ಗುರುತು ಉಂಟು. ನೋಡಿದವರ ಗುರುತು ಮಾತ್ರ ರೈತನಿಗೆ ಕಾಣುವುದಿಲ್ಲ.

ನೋಡಿದರೆ ಏನು ಸಿಗುತ್ತದೆ? 9ನೇ ಕಾಲಂನಲ್ಲಿ ಮಾಲೀಕರ ಹೆಸರು, ತಂದೆಯ ಹೆಸರು. 11ನೇ ಕಾಲಂನಲ್ಲಿ ಹಕ್ಕು ಮತ್ತು ಋಣ, ಯಾವ ಬ್ಯಾಂಕು, ಯಾವ ಸೊಸೈಟಿ, ಎಷ್ಟು ಸಾಲ. ಮಗಳ ಮದುವೆ ಮಾತುಕತೆಗೆ ಬಂದ ಬೀಗರೂ ನೋಡಬಹುದು, ಹೊಲ ಕೊಳ್ಳಲು ಹೊಂಚು ಹಾಕಿದ ದಲ್ಲಾಳಿಯೂ ನೋಡಬಹುದು. 2018ರಲ್ಲಿ ಬಂದ ದಿಶಾಂಕ್ ಆ್ಯಪ್ ಇದ್ದರೆ ಸರ್ವೆ ನಂಬರ್ ಕೇಳುವ ಗೊಡವೆಯೂ ಇಲ್ಲ, ಬದುವಿನ ಮೇಲೆ ನಿಂತರೆ ಮೊಬೈಲೇ ಹೇಳುತ್ತದೆ. ಸಾಲದಲ್ಲಿ ಮುಳುಗಿದ ಹೊಲ ಯಾವುದು ಎಂದು ಹುಡುಕುವವನಿಗೆ ಇದಕ್ಕಿಂತ ಸಲೀಸು ಇನ್ನೇನು ಬೇಕು? 2007ರಲ್ಲೇ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರಿನ ಸುತ್ತ ನೋಡಿ ಇಂಥದ್ದೇ ಮಾತು ಬರೆದರು. ದಾಖಲೆ ಒಂದೇ ಕಡೆ ಸೇರಿದ್ದರಿಂದ ಹೆಚ್ಚು ಲಾಭವಾದದ್ದು ಸಣ್ಣ ರೈತರಿಗಲ್ಲ, ದೊಡ್ಡ ಜಮೀನು ವ್ಯವಹಾರದವರಿಗೆ ಎಂದು.

ಹಾಗಂತ ಮುಚ್ಚಿಡಬೇಕೇ? ಇಲ್ಲಿ ನಮ್ಮ ಗುಂಪಿನಲ್ಲೇ ಜಗಳವಿದೆ. 2024ರ ಅಕ್ಟೋಬರ್ ನೆನಪಿರಬೇಕು ನಿಮಗೆ. ತಿಕೋಟಾ ತಾಲ್ಲೂಕಿನ ಹೊನವಾಡದ ರೈತರ ವಕ್ಫ್ ವಿವಾದ ರಾಜ್ಯಕ್ಕೆಲ್ಲ ಹಬ್ಬಿತು. ಆ ವಾರ ನಮ್ಮ ಮನೆಗಳಲ್ಲೂ ಹಿರಿಯರು 'ತಮ್ಮಾ, ನಮ್ಮ 11ನೇ ಕಾಲಂ ಒಮ್ಮೆ ನೋಡೋ' ಎಂದು ಮೊಬೈಲ್ ಕೈಗೆ ಕೊಟ್ಟರು. ನವೆಂಬರ್‌ನಲ್ಲಿ ನೋಟಿಸ್ ಹಿಂಪಡೆಯಲು ಸರ್ಕಾರ ಹೇಳಿತು. ಉತಾರ ಹಳೆಯ ದಫ್ತರದಲ್ಲೇ ಇದ್ದಿದ್ದರೆ ಆ ರಾತ್ರಿ ಮನೆಯಲ್ಲೇ ಕುಳಿತು ನೋಡಲು ಆಗುತ್ತಿರಲಿಲ್ಲ. ನಮ್ಮ ಉತಾರ ನಮಗೆ ಕಾಣಬೇಕು, ಅದು ಸರಿ. ಊರಿಗೆಲ್ಲ ಸಾಲದ ಲೆಕ್ಕ ಕಾಣಬೇಕೇ ಎಂಬುದು ಬೇರೆ ಪ್ರಶ್ನೆ. ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದೇ ತೊಡಕು.

ನೋಡುವವರು ಮನುಷ್ಯರೇ ಆಗಬೇಕೆಂದಿಲ್ಲ. ಮಾಹಿತಿ ಇಡುವ ಸಾಫ್ಟ್‌ವೇರ್ ತಾನೇ ತನ್ನ ಕಂಪನಿಗೆ ವರದಿ ಕಳಿಸುವುದೂ ಉಂಟು. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ 2016ರ ಆವೃತ್ತಿಯಿಂದ ತನ್ನನ್ನು ಹೇಗೆ ಬಳಸುತ್ತಿದ್ದಾರೆ ಎಂಬ ವಿವರವನ್ನು ತಾನಾಗಿಯೇ ಕಳಿಸುತ್ತದೆ. ದುಡ್ಡು ಕೊಟ್ಟು ಕೊಂಡವರು ಅದನ್ನು ನಿಲ್ಲಿಸಬಹುದು, ಪುಕ್ಕಟೆ ಸಿಗುವ ಎಕ್ಸ್‌ಪ್ರೆಸ್ ಆವೃತ್ತಿ ಬಳಸುವವರು ನಿಲ್ಲಿಸುವಂತಿಲ್ಲ. ಗೊಬ್ಬರದಂಗಡಿ, ಸಣ್ಣ ಶಾಲೆ, ಪತ್ತಿನ ಸಂಘ ಇಂಥವರಿಗೆ ಪುಕ್ಕಟೆಯದೇ ಅನುಕೂಲ. ಗ್ರಾಹಕರ ಹೆಸರು, ಬಾಕಿ ಕಳಿಸುವುದು ಉದ್ದೇಶವಲ್ಲ ಎಂದು ಕಂಪನಿ ಹೇಳುತ್ತದೆ, ಸಾಫ್ಟ್‌ವೇರ್ ಕೆಟ್ಟು ನಿಂತಾಗ ಹೋಗುವ ವರದಿಯಲ್ಲಿ ಆಕಸ್ಮಿಕವಾಗಿ ಅಂಥದ್ದು ಸೇರಬಹುದು ಎಂದೂ ಹೇಳುತ್ತದೆ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಸಾಫ್ಟ್‌ವೇರ್ ಇದೆ, ಪುಕ್ಕಟೆಯೇ, ಅದು ಯಾರಿಗೂ ವರದಿ ಕಳಿಸುವುದಿಲ್ಲ.

ಕಾನೂನಿನ ಮಾತಿಗೆ ಬಂದರೆ, ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಆಧಾರ್ ವಿರುದ್ಧ 2012ರಲ್ಲಿ. 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆಯೂ ಬಂತು. ಆದರೆ ಕಾನೂನಿನಂತೆ ಬಹಿರಂಗ ಮಾಡಲೇಬೇಕಾಗಿ ಬಹಿರಂಗವಾದ ಮಾಹಿತಿಗೆ ಆ ಕಾಯ್ದೆ ತಗಲುವುದಿಲ್ಲ. ಉತಾರ ಯಾವ ಕಡೆ ಬೀಳುತ್ತದೆ ಎಂದು ಬಿಡಿಸಿ ಹೇಳುವವರು ನಮಗೆ ಇನ್ನೂ ಸಿಕ್ಕಿಲ್ಲ. ಈ ನಡುವೆ ಉತಾರಕ್ಕೆ ಆಧಾರ್ ಜೋಡಿಸುವ ಕೆಲಸವೂ ನಡೆದಿದೆ.

ಮೊನ್ನೆ ಅದೇ ಜೆರಾಕ್ಸ್ ಅಂಗಡಿಗೆ ಮತ್ತೆ ಹೋಗಿದ್ದೆವು. ನಮ್ಮ ಲೆಕ್ಕವನ್ನು ಅಣ್ಣಾವರು ಒಂದು ಹಾಳೆಯ ಹಿಂಬದಿಯಲ್ಲಿ ಬರೆದುಕೊಟ್ಟರು. ತಿರುಗಿಸಿ ನೋಡಿದರೆ, ಮಸಿ ಸರಿಯಾಗಿ ಮೂಡದೆ ಬಿಟ್ಟಿದ್ದ ಯಾರದೋ ಉತಾರ. 11ನೇ ಕಾಲಂ ಮಾತ್ರ ಸ್ಪಷ್ಟವಾಗಿ ಮೂಡಿತ್ತು.